ಕೂಸನ್ನು ಯಾರ ಕೈಗೆ ಕೊಡುತ್ತಿದ್ದೀರಿ? ಡೇ ಕೇರ್ ಆರಿಸುವ ಮೈಸೂರು-ಮಂಡ್ಯದ ತಂದೆತಾಯಂದಿರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೈಸೂರಿನ ಒಂದು ಡೇ ಕೇರ್‌ನಲ್ಲಿ ನಾನು 9 ವರ್ಷ ಕೂಸುಗಳನ್ನು ನೋಡಿಕೊಂಡೆ. ಈಗ ಮಂಡ್ಯದಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಾಲ್ಕು ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಮೈಸೂರಿನಲ್ಲಿದ್ದಾಗ, ಪೋಷಕರು ನೋಡಲು ಬರುತ್ತಾರೆ ಅಂತ ಗೊತ್ತಾದ ದಿನ ಬೆಳಿಗ್ಗೆಯೇ ನೆಲ ಒರೆಸಿ, ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಒಳ್ಳೆಯ ಆಟಿಕೆಗಳನ್ನು ಹೊರಗೆ ತೆಗೆದಿಡುತ್ತಿದ್ದೆವು. ಬಂದವರು ಗೋಡೆಯ ಮೇಲಿನ ಚಿತ್ರ ನೋಡುತ್ತಿದ್ದರು, ಸಿಸಿಟಿವಿ ಇದೆಯಾ ಅಂತ ಕೇಳುತ್ತಿದ್ದರು, ಫೀಸು ವಿಚಾರಿಸಿಕೊಂಡು ಹೋಗುತ್ತಿದ್ದರು. "ನಿಮ್ಮ ಒಬ್ಬರ ಕೈಗೆ ಎಷ್ಟು ಮಕ್ಕಳಮ್ಮ?" ಅಂತ ನನ್ನನ್ನು ಕೇಳಿದವರು ಬೆರಳೆಣಿಕೆಯಷ್ಟು ಜನ.

ಕೇಳಬೇಕಾದದ್ದು ಅದನ್ನೇ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಮ್ಮ ಮಗುವನ್ನು ಎತ್ತಿಕೊಳ್ಳುವ, ಉಣಿಸುವ, ತೊಳೆಯುವ, ಮಲಗಿಸುವ ಒಬ್ಬಳು ಆಯಮ್ಮ ಇರುತ್ತಾಳೆ. ಡೇ ಕೇರ್ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಬಹುಪಾಲು ಅವಳಲ್ಲಿದೆ. ಅವಳನ್ನು ಹೇಗೆ ಗಮನಿಸಬೇಕು ಅನ್ನುವುದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

1. ಮೊದಲು ನಿಮ್ಮ ಅಗತ್ಯದ ಲೆಕ್ಕ

ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಸಿಗುತ್ತದೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಅಂದರೆ ನೀವು ಕೆಲಸಕ್ಕೆ ಮರಳುವ ಹೊತ್ತಿಗೆ ಕೂಸಿಗೆ ನಾಲ್ಕರಿಂದ ಆರು ತಿಂಗಳು. ಹುಡುಕಾಟವನ್ನು ರಜೆಯ ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ. ಆತುರದಲ್ಲಿ ಕಣ್ಣಿಗೆ ಬೀಳುವುದು ಬಣ್ಣ ಹೊಡೆದ ಗೇಟು ಮಾತ್ರ.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳಿಗೆ, ಮದ್ದೂರಿನ ಕಡೆಯ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಇದನ್ನು ಕೇಳಿ ಪಡೆಯಬೇಕು. ಕೇಳಲು ಒಬ್ಬಳಿಗೆ ಅಂಜಿಕೆಯಾದರೆ ನಾಲ್ಕು ಜನ ಸೇರಿ ಕೇಳಿ.

ಹಳ್ಳಿಯಲ್ಲಿದ್ದರೆ ನಿಮ್ಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಇದೆಯೇ ವಿಚಾರಿಸಿ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ ರಾಜ್ಯ ಸರ್ಕಾರ ಶುರು ಮಾಡಿದ್ದು ಅದು. ಮೂರು ವರ್ಷ ದಾಟಿದ ಮಕ್ಕಳಿಗೆ ಅಂಗನವಾಡಿ ಇದ್ದೇ ಇದೆ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಊಟ, ತೂಕ, ಚುಚ್ಚುಮದ್ದಿನ ವಿಚಾರದಲ್ಲಿ ಒಳ್ಳೆಯ ಅಂಗನವಾಡಿ ಟೀಚರ್‌ಗೆ ಇರುವ ಅನುಭವ ಎಷ್ಟೋ ಖಾಸಗಿ ಕೇಂದ್ರಗಳಲ್ಲಿ ಸಿಗದು. ಆದರೆ ಎಂಟು ತಿಂಗಳ ಕೂಸನ್ನು ಇಡೀ ದಿನ ಬಿಡುವ ಜಾಗ ಅದಲ್ಲ.

ಮನೆಯಲ್ಲಿ ಗಟ್ಟಿಮುಟ್ಟಾದ ಅಜ್ಜಿಯೋ ತಾತನೋ ಇದ್ದು, ಅವರಿಗೂ ಮನಸ್ಸಿದ್ದರೆ, ಅರ್ಧ ದಿನ ಕೈಯಾಸರೆಗೆ ಒಬ್ಬರನ್ನು ಇಟ್ಟುಕೊಟ್ಟು ಒಂದು ವರ್ಷ ತಳ್ಳುವುದು ಬಹಳ ಒಳ್ಳೆಯ ದಾರಿ. ಅವರಿಗೆ ಮಂಡಿನೋವಿದ್ದರೆ ಮಾತ್ರ ಒತ್ತಾಯಿಸಬೇಡಿ. ಅಂಬೆಗಾಲಿಡುವ ಮಗುವಿನ ಹಿಂದೆ ಓಡಲು ಆಗುವುದಿಲ್ಲ.

ಜಾಗದ ವಿಚಾರದಲ್ಲಿ ನನ್ನ ಅನುಭವ ಇಷ್ಟು: ಎದೆಹಾಲು ಕುಡಿಯುವ ಕೂಸಾದರೆ ನಿಮ್ಮ ಕೆಲಸದ ಜಾಗಕ್ಕೆ ಹತ್ತಿರ, ಮೂರು ದಾಟಿದ ಮಗುವಾದರೆ ಮನೆಗೆ ಹತ್ತಿರ.

2. ಎರಡು ಸಲ ಹೋಗಿ, ಎರಡನೆಯ ಸಲ ಹೇಳದೆ ಹೋಗಿ

ಮೊದಲ ಸಲ ಫೋನ್ ಮಾಡಿ ಬೆಳಿಗ್ಗೆ 11ಕ್ಕೆ ಹೋಗಿ. ಎರಡನೆಯ ಸಲ ಹೇಳದೆ, ಸಂಜೆ ನಾಲ್ಕೂವರೆ-ಐದರ ಹೊತ್ತಿಗೆ ಹೋಗಿ. ಆ ಹೊತ್ತಿಗೆ ಮಕ್ಕಳಿಗೂ ದಣಿವು, ಆಯಮ್ಮಂದಿರಿಗೂ ದಣಿವು. ದಣಿದಾಗ ದನಿ ಹೇಗಿರುತ್ತದೋ ಅದೇ ಆ ಜಾಗದ ನಿಜವಾದ ದನಿ.

ಬಾಗಿಲಲ್ಲಿ ನಿಂತು ಕಿವಿಗೊಡಿ. ಮಕ್ಕಳಿರುವ ಕಡೆ ಸದ್ದಿರಲೇಬೇಕು. ನಗು, ಜಗಳ, ಪಾತ್ರೆ ಬಡಿಯುವುದು, ನಡುವೆ ಒಂದು ಅಳು, ಆಮೇಲೆ ಆ ಅಳು ನಿಲ್ಲುವುದು. ಹಗಲು ಹನ್ನೊಂದಕ್ಕೆ ಒಂದೂವರೆ ವರ್ಷದ ಹತ್ತು ಮಕ್ಕಳು ಒಂದೂ ಸದ್ದಿಲ್ಲದೆ ಇದ್ದರೆ ಏಕೆ ಅಂತ ಕೇಳಿ. ಟಿವಿ ಮುಂದೆ ಕೂರಿಸಿರಬಹುದು, ಗದರಿಸಿ ಕೂರಿಸಿರಬಹುದು. ನಿದ್ದೆ ಬರಲಿ ಅಂತ ಕೆಮ್ಮಿನ ಸಿರಪ್ ಕುಡಿಸುವ ಕೆಟ್ಟ ಅಭ್ಯಾಸವೂ ಲೋಕದಲ್ಲಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಬರೆದುಕೊಡಬಾರದು ಅಂತ ಕೇಂದ್ರ ಆರೋಗ್ಯ ಇಲಾಖೆಯೇ ಹೇಳಿದೆ, ನಿದ್ದೆಗಾಗಿ ಕೊಡುವ ಮಾತು ದೂರವೇ ಉಳಿಯಿತು. "ನಮ್ಮ ಮಗುವಿಗೆ ನಾವು ಬರೆದುಕೊಟ್ಟ ಔಷಧಿ ಬಿಟ್ಟು ಒಂದು ಹನಿಯೂ ಬೇಡ" ಅಂತ ಮೊದಲೇ ಹೇಳಿಬಿಡಿ.

ಪೋಷಕರನ್ನು ಗೇಟಿನಲ್ಲೇ ನಿಲ್ಲಿಸಿ, ಒಳಗೆ ಬಿಡುವುದಿಲ್ಲ ಅನ್ನುವ ಜಾಗವಾದರೆ ಅಲ್ಲಿಂದಲೇ ಹಿಂದಿರುಗಿ. ನಿಮ್ಮ ಮಗು ಇರುವ ಕೋಣೆಗೆ ಯಾವ ಹೊತ್ತಿನಲ್ಲಾದರೂ ಹೋಗುವ ಹಕ್ಕು ನಿಮಗಿರಬೇಕು. ಈ ಒಂದು ಮಾತಿನಲ್ಲಿ ರಾಜಿ ಬೇಡ.

3. ನೆಲದ ಮೇಲೆ ಕುಳಿತು ಒಬ್ಬ ಆಯಮ್ಮನನ್ನೇ ನೋಡಿ

ಕುರ್ಚಿ ಕೊಟ್ಟರೆ ಬೇಡ ಅನ್ನಿ. ಮಕ್ಕಳ ಜೊತೆ ಚಾಪೆಯ ಮೇಲೆ ಕುಳಿತು, ಮುಕ್ಕಾಲು ಗಂಟೆ ಒಬ್ಬಳೇ ಆಯಮ್ಮನನ್ನು ನೋಡುತ್ತಿರಿ. ಮೊದಲ ಹತ್ತು ನಿಮಿಷ ಅವಳು ನಿಮಗಾಗಿ ನಡೆದುಕೊಳ್ಳುತ್ತಾಳೆ. ಆಮೇಲೆ ಕೆಲಸ ಅವಳನ್ನು ಎಳೆದುಕೊಳ್ಳುತ್ತದೆ, ನಿಮ್ಮನ್ನು ಮರೆಯುತ್ತಾಳೆ. ನೋಡಬೇಕಾದದ್ದು ಆಗ.

ಒಂದು ಕೂಸು ಕಿಟಕಿಯ ಕಡೆ ಬೆರಳು ಮಾಡಿ "ಆ... ಆ..." ಅನ್ನುತ್ತದೆ ಅಂತ ಇಟ್ಟುಕೊಳ್ಳಿ. ಒಳ್ಳೆಯ ಆಯಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಲೇ ಆ ಕಡೆ ತಿರುಗಿ, "ಹೌದು ಕಂದ, ಅಳಿಲು! ಬಾಲ ಅಲ್ಲಾಡಿಸ್ತಾ ಇದೆ ನೋಡು, ಎಲ್ಲಿಗೆ ಹೋಯ್ತು?" ಅನ್ನುತ್ತಾಳೆ. ಕೂಸು ಮತ್ತೆ ಏನೋ ಅನ್ನುತ್ತದೆ, ಅವಳು ಮತ್ತೆ ಮಾತು ಕೊಡುತ್ತಾಳೆ. ಮಗುವಿನ ಮಿದುಳು ಬೆಳೆಯುವುದು ಈ ಕೊಟ್ಟು-ತೆಗೆದುಕೊಳ್ಳುವ ಮಾತಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಚಿಕ್ಕ ಮಕ್ಕಳ ಪೋಷಣೆಗೆ ಐದು ಅಂಶ ಹೇಳಿತು. ಆರೋಗ್ಯ, ಆಹಾರ, ಸುರಕ್ಷತೆ, ಕಲಿಕೆಯ ಅವಕಾಶದ ಜೊತೆಗೆ ಮಗುವಿನ ಸೂಚನೆಯನ್ನು ಅರಿತು ಸ್ಪಂದಿಸುವ ಆರೈಕೆಯೂ ಅದರಲ್ಲಿ ಒಂದು. ನಮ್ಮ ಕಡೆಯ ಅಜ್ಜಿಯರು ಕೂಸಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವಾಗ ಮಾತಾಡುತ್ತಲೇ ಇರುತ್ತಾರಲ್ಲ, ಅದೇ ಇದು.

ಡೈಪರ್ ಬದಲಿಸುವ ಹೊತ್ತನ್ನು ತಪ್ಪದೆ ನೋಡಿ. ಮಗುವಿನ ಮುಖ ನೋಡಿ ಮಾತಾಡುತ್ತಾ ಬದಲಿಸುತ್ತಾಳೋ, ಮೂಟೆ ತಿರುಗಿಸಿದ ಹಾಗೆ ತಿರುಗಿಸುತ್ತಾಳೋ? ಆದ ಮೇಲೆ ಸೋಪು ಹಾಕಿ ಕೈ ತೊಳೆಯುತ್ತಾಳೋ? ಅತ್ತಾಗ ಎಷ್ಟು ಹೊತ್ತಿಗೆ ಬರುತ್ತಾಳೆ? ಬರಲು ಆಗದಿದ್ದರೆ ದೂರದಿಂದಲೇ "ಬಂದೆ ಬಂದೆ ಪುಟ್ಟ" ಅನ್ನುತ್ತಾಳೋ? ಮಗುವನ್ನು ಹೆಸರು ಹಿಡಿದು ಕರೆಯುತ್ತಾಳೋ, "ಏಯ್" ಅನ್ನುತ್ತಾಳೋ? ಬಿದ್ದ ಮಗು ಎದ್ದು ಯಾರ ಕಡೆ ಓಡುತ್ತದೆ? ಆಯಮ್ಮನ ಕಡೆ ಓಡಿ ಸೆರಗು ಹಿಡಿದರೆ ಅಲ್ಲಿ ಪ್ರೀತಿ ಇದೆ ಅಂತ ಅರ್ಥ. ಆ ಮಗು ನಿಮಗೆ ತೋರಿಸಲೆಂದು ಹಾಗೆ ಓಡುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಪೋಷಕರಿಗೆ ಖುಷಿಯಾಗಲಿ ಅಂತ ಎಷ್ಟೋ ಕಡೆ ಆಯಮ್ಮಂದಿರಿಗೆ ಇಂಗ್ಲಿಷಿನಲ್ಲೇ ಮಾತಾಡಲು ಹೇಳಿರುತ್ತಾರೆ. ಪಾಪ, ಅವರು "ಕಮ್ ಬೇಬಿ, ಸಿಟ್ ಬೇಬಿ" ಅಂದು ಅಲ್ಲಿಗೇ ನಿಲ್ಲುತ್ತಾರೆ. ಅದೇ ಆಯಮ್ಮ ಕನ್ನಡದಲ್ಲಾದರೆ ಕಾಗೆಯ ಬಗ್ಗೆಯೇ ಹತ್ತು ಮಾತು ಆಡುತ್ತಾಳೆ. ಉರ್ದು, ತಮಿಳು ಮನೆಮಾತಿನವಳಾದರೂ ಅಷ್ಟೇ. ಮಾತು ಬರುವ ವಯಸ್ಸಿನ ಮಗುವಿಗೆ ತುಂಬಿದ ಮಾತು ಬೇಕು. "ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಿಸಿ" ಅಂತ ಅವಳಿಗೂ, ಅವಳ ಮಾಲೀಕರಿಗೂ ಹೇಳಿ.

4. ತಲೆ ಎಣಿಸಿ

ಒಬ್ಬ ಆಯಮ್ಮನ ಕೈಗೆ ಆರು ಕೂಸು ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ನನ್ನ ದಿನದಿಂದಲೇ ಲೆಕ್ಕ ಹಾಕಿ ತೋರಿಸುತ್ತೇನೆ. ಕೂಸಿಗೆ ಸುಮಾರು ಮೂರು ಗಂಟೆಗೊಮ್ಮೆ ಹಾಲೋ ಊಟವೋ ಬೇಕು, ಒಂದಕ್ಕೆ 20 ನಿಮಿಷ. ಆ ಮೂರು ಗಂಟೆಯಲ್ಲಿ ಒಂದು ಸಲ ಬಟ್ಟೆ ಬದಲಿಸಿ ಕೈ ತೊಳೆಯಲು 7 ನಿಮಿಷ. ಆರು ಕೂಸಿಗೆ 162 ನಿಮಿಷ ಅಲ್ಲಿಗೇ ಮುಗಿಯಿತು. 180ರಲ್ಲಿ ಉಳಿದದ್ದು 18. ಅಷ್ಟರಲ್ಲೇ ಆರನ್ನೂ ಎತ್ತಬೇಕು, ಆಡಿಸಬೇಕು, ಮಲಗಿಸಬೇಕು, ತಾನೂ ನೀರು ಕುಡಿಯಬೇಕು. ಮೂರೇ ಕೂಸಾದರೆ 81 ನಿಮಿಷದ ಕೆಲಸ, ಉಳಿಯುವುದು 99. ಆಯಮ್ಮ ಅವಳೇ, ಪ್ರೀತಿ ಅಷ್ಟೇ. ಆದರೂ ಆರು ಕೂಸಿನ ಕೋಣೆಯಲ್ಲಿ ಅವಳು ಒರಟಾಗಿ ಕಾಣುತ್ತಾಳೆ.

ಅಮೆರಿಕದಲ್ಲಿ ಈ ಕ್ಷೇತ್ರಕ್ಕೆ ಮಾನದಂಡ ರೂಪಿಸುವ ಎನ್‌ಎಇವೈಸಿ ಅನ್ನುವ ಸಂಸ್ಥೆ, ಒಂದು ವರ್ಷದೊಳಗಿನವರಾದರೆ ಒಬ್ಬರ ಕೈಗೆ ಹೆಚ್ಚೆಂದರೆ 4, ಗುಂಪಿನಲ್ಲಿ ಹೆಚ್ಚೆಂದರೆ 8 ಅನ್ನುತ್ತದೆ. ನಾಲ್ಕು ವರ್ಷದ ಮಕ್ಕಳಾದರೆ ಒಬ್ಬರಿಗೆ 10. ನಮ್ಮಲ್ಲಿ ಇಷ್ಟು ಸಿಗುವ ಜಾಗ ಕಡಿಮೆ. ಆದರೂ ಒಂದು ವರ್ಷದೊಳಗಿನ ಐದಕ್ಕಿಂತ ಹೆಚ್ಚು ಕೂಸು ಒಬ್ಬಳ ಕೈಯಲ್ಲಿದ್ದರೆ ನಾನಾಗಿದ್ದರೆ ನನ್ನ ಮಗುವನ್ನು ಬಿಡುವುದಿಲ್ಲ.

ಎಣಿಸುವಾಗ ಅಡುಗೆಯವರನ್ನೂ, ಆಫೀಸಿನಲ್ಲಿ ಕೂರುವ ಮೇಡಂ ಅವರನ್ನೂ ಸೇರಿಸಬೇಡಿ. ಆಯಮ್ಮಂದಿರು ಊಟಕ್ಕೆ ಕೂರುವ ಮಧ್ಯಾಹ್ನದಲ್ಲಿ ಮತ್ತು ಸಂಜೆ ಐದರ ಮೇಲೆ ಎಷ್ಟು ಜನ ಇರುತ್ತಾರೆ ಅಂತ ಬೇರೆಯಾಗಿ ಕೇಳಿ.

5. ಆಯಮ್ಮ ಎಷ್ಟು ದಿನದಿಂದ ಇದ್ದಾಳೆ?

ಮಾಲೀಕರಿಗೆ ಈ ಮೂರು ಪ್ರಶ್ನೆ ಹಾಕಿ: ಕಳೆದ ಒಂದು ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟರು? ಆಯಮ್ಮ ರಜೆ ಹಾಕಿದರೆ ನನ್ನ ಮಗುವನ್ನು ನೋಡುವವರು ಯಾರು? ಅವರಿಗೆ ವಾರದ ರಜೆ, ಇಎಸ್‌ಐ, ಪಿಎಫ್ ಇದೆಯೇ? ಮೂರನೆಯದನ್ನು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬಂದರೂ ಕೇಳಿ. ಕೈಗೆ ಸಾಲದ ಸಂಬಳದಲ್ಲಿ ಯಾರೂ ಎರಡು ವರ್ಷ ನಿಲ್ಲುವುದಿಲ್ಲ. ಮಗುವಿಗೆ ಬೇಕಾದದ್ದೇ ನಿಲ್ಲುವವಳು.

ನಾನು ಮೈಸೂರಿನ ಆ ಕೆಲಸ ಬಿಟ್ಟದ್ದು ಸಂಬಳಕ್ಕಾಗಿಯೇ. ಬಿಡುತ್ತೇನೆ ಅಂದಾಗ ಶನಿವಾರ ಸಂಜೆ ಲೆಕ್ಕ ಮುಗಿಸಿ, ಸೋಮವಾರದಿಂದ ಬರಬೇಡ ಅಂದರು. 14 ತಿಂಗಳ ಒಂದು ಹೆಣ್ಣುಕೂಸು ನನ್ನ ಕೈಯಿಂದ ಬಿಟ್ಟು ಯಾರ ಕೈಯಿಂದಲೂ ಉಣ್ಣುತ್ತಿರಲಿಲ್ಲ. ಆಮೇಲೆ ಅವಳ ತಾಯಿ ಫೋನ್ ಮಾಡಿ, ಮಗು ಬಾಗಿಲ ಕಡೆಯೇ ನೋಡುತ್ತಾ ಕೂರುತ್ತದೆ, ತುತ್ತು ಮುಟ್ಟುವುದಿಲ್ಲ ಅಂದರು. ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ. ಎಂಟು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ಮಕ್ಕಳು ಗುರುತಿನವರನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಕಾಲ. ಆಗ ಕೈ ಬದಲಾಯಿಸುವುದು ಸಣ್ಣ ವಿಷಯವಲ್ಲ.

6. ಮನೆ ಸುತ್ತಿ ನೋಡಿ

ಮಲಗುವ ಜಾಗ ಮೊದಲು. ಒಂದು ವರ್ಷದೊಳಗಿನ ಕೂಸನ್ನು ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿರಬೇಕು. ದಿಂಬು, ದಪ್ಪ ರಗ್ಗು, ಮೆತ್ತನೆ ಗೊಂಬೆ ಯಾವುದೂ ಪಕ್ಕದಲ್ಲಿ ಬೇಡ. ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಇಡುವ ರೂಢಿ ನಮ್ಮಲ್ಲಿದೆ, ಅದೂ ಬೇಡ. ಸೀರೆಯ ತೊಟ್ಟಿಲನ್ನು ಮನೆಯಲ್ಲಿ ಕಣ್ಣೆದುರು ತೂಗುವುದು ಬೇರೆ, ಯಾರೂ ಇಲ್ಲದ ಕೋಣೆಯಲ್ಲಿ ಕೂಸನ್ನು ಅದರಲ್ಲಿ ಬಿಟ್ಟುಹೋಗುವುದು ಬೇರೆ. ಮಕ್ಕಳು ಮಲಗಿದಾಗ ಒಬ್ಬರು ಅದೇ ಕೋಣೆಯಲ್ಲಿ ಇರುತ್ತಾರೆಯೇ ಕೇಳಿ.

ನೀರು. ನಮ್ಮ ಊರುಗಳಲ್ಲಿ ಗೇಟಿನೊಳಗೆ ಕಾಲಿಟ್ಟರೆ ಸಂಪು. ಅದರ ಮುಚ್ಚಳಕ್ಕೆ ಬೀಗ ಇದೆಯೇ, ಕೈಯಿಂದ ಎತ್ತಿ ನೋಡಿ. ಬಚ್ಚಲಲ್ಲಿ ಅರ್ಧ ಬಕೆಟ್ ನೀರು ನಿಂತಿದ್ದರೂ ಅಂಬೆಗಾಲಿನ ಮಗುವಿಗೆ ಅದು ಸಾವಿನಷ್ಟೇ ಆಳ. ಮಂಡ್ಯದಲ್ಲಿ ಮನೆಯ ಹಿಂದೆಯೇ ನಾಲೆ ಹರಿಯುವ ಬೀದಿಗಳಿವೆ. ಅಲ್ಲಿ ಹಿಂಬಾಗಿಲ ಚಿಲಕ ಮಗುವಿನ ಕೈಗೆ ಎಟುಕಬಾರದು.

ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತು: ಇಡೀ ಕಡಲೆಬೀಜ, ಹುರಿಗಡಲೆ, ಇಡೀ ದ್ರಾಕ್ಷಿ, ಚಕ್ಕುಲಿ ಚೂರು. ನಾಲ್ಕು ವರ್ಷದವರೆಗೆ ಇವು ಬೇಡ. ರಿಮೋಟು, ಆಟಿಕೆಯಲ್ಲಿರುವ ಗುಂಡಿಯಂಥ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಓಡಬೇಕು. "ಕೂಸಿನ ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಏನು ಮಾಡುತ್ತೀರಿ, ಈ ಗೊಂಬೆಯ ಮೇಲೆ ತೋರಿಸಿ" ಅಂತ ಆಯಮ್ಮನನ್ನೇ ಕೇಳಿ. ಕೂಸನ್ನು ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿನ ನಡುವೆ ಐದು ಏಟು, ತಿರುಗಿಸಿ ಎದೆಯ ಮೇಲೆ ಐದು ಒತ್ತು ಅಂತ ತೋರಿಸಿದರೆ ಅವಳಿಗೆ ತರಬೇತಿ ಆಗಿದೆ. ಬಾಯಿಗೆ ಬೆರಳು ಹಾಕಿ ತಡಕುತ್ತೇನೆ ಅಂದರೆ ಆಗಿಲ್ಲ. 108, 112, ಮಕ್ಕಳ ಸಹಾಯವಾಣಿ 1098, ಮೂರೂ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ.

7. ಊಟ, ಹಾಲು

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ಹಿಂಡಿಟ್ಟ ಹಾಲು 25 ಡಿಗ್ರಿಯಷ್ಟು ತಂಪಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಕಡೆ 25 ಡಿಗ್ರಿ ಎಲ್ಲಿ ಸಿಗುತ್ತದೆ? ಮನೆಯಿಂದಲೇ ಐಸ್ ಡಬ್ಬಿಯಲ್ಲಿ ಕಳಿಸಿ, ಹೆಸರು, ಹಿಂಡಿದ ಹೊತ್ತು ಬರೆದು ಅಂಟಿಸಿ. ಬಾಟಲಿಗಿಂತ ಬಟ್ಟಲು-ಚಮಚವೋ ಒಳಲೆಯೋ ತೊಳೆಯಲು ಸುಲಭ. ಆದರೆ ಒಳಲೆಯಲ್ಲಿ ಸುರಿದು ನುಂಗಿಸಬಾರದು, ತುಟಿಗೆ ತಾಗಿಸಿ ಕೂಸು ತಾನೇ ಹೀರಿಕೊಳ್ಳುವಂತೆ ಹಿಡಿಯಬೇಕು.

ಆರು ತಿಂಗಳ ಮೇಲೆ ರಾಗಿ ಸರಿ, ಮೆತ್ತಗೆ ಕಲಸಿದ ಅನ್ನ-ಬೇಳೆ-ತುಪ್ಪ, ಕಿವುಚಿದ ಬಾಳೆಹಣ್ಣು. ಒಂದು ವರ್ಷದವರೆಗೆ ಜೇನುತುಪ್ಪ ನೆಕ್ಕಿಸಬಾರದು, ಬಜೆ ತೇಯ್ದು ಹಾಕಬಾರದು. ಉಣಿಸುವಾಗ ಒಂದನ್ನು ನೋಡಿ: ಮಗು ಮುಖ ತಿರುಗಿಸಿದರೆ ಆಯಮ್ಮ ನಿಲ್ಲಿಸುತ್ತಾಳೋ, ಕೆನ್ನೆ ಒತ್ತಿ ತುರುಕುತ್ತಾಳೋ? "ಡಬ್ಬಿ ಖಾಲಿಯಾಗಿ ಬರಲೇಬೇಕು" ಅಂತ ಪೋಷಕರು ಹೇಳುವುದರಿಂದಲೇ ಎಷ್ಟೋ ಸಲ ತುರುಕುತ್ತಾರೆ. ನಾನೂ ತುರುಕಿದ್ದೇನೆ, ತಪ್ಪು ಮಾಡಿದ್ದೇನೆ. ಉಳಿದದ್ದು ಉಳಿಯಲಿ ಅಂತ ನೀವೇ ಹೇಳಿಬಿಡಿ.

8. ಆಟ, ಟಿವಿ, ಅಕ್ಷರ

ಎರಡೂವರೆ ವರ್ಷಕ್ಕೇ ಎಬಿಸಿಡಿ ಬರೆಸುತ್ತೇವೆ ಅನ್ನುವ ಜಾಗದಿಂದ ದೂರ ಇರಿ. ಆ ಬೆರಳು ಪೆನ್ಸಿಲ್ಲಿಗೆ ಸಿದ್ಧವಾಗುವುದೇ ಮಣ್ಣು ಕಲಸಿ, ಚಪಾತಿ ಹಿಟ್ಟು ನಾದಿ, ಅವರೆಕಾಯಿ ಬಿಡಿಸಿ. ಸ್ಟೀಲ್ ಲೋಟ, ಸೌಟು, ಮರಳಿನ ಗುಡ್ಡೆ, ಒಂದಿಷ್ಟು ಚನ್ನಪಟ್ಟಣದ ಮರದ ಗೊಂಬೆ ಇದ್ದರೆ ಸಾಕು. ಎರಡು ವರ್ಷದೊಳಗೆ ಟಿವಿ, ಮೊಬೈಲು ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ. ದಿನಕ್ಕೆ ಒಂದು ಸಲವಾದರೂ ಮಕ್ಕಳನ್ನು ಬಿಸಿಲಿಗೆ, ಮರದ ಕೆಳಗೆ ಕರೆದೊಯ್ಯುತ್ತಾರೆಯೇ ಕೇಳಿ.

ಒಳ್ಳೆಯ ಆಯಮ್ಮನಿಂದ ಇನ್ನೊಂದು ಲಾಭ ಇದೆ, ಅವಳು ಹತ್ತಾರು ಮಕ್ಕಳನ್ನು ನೋಡಿರುತ್ತಾಳೆ. "ಅಕ್ಕ, ಹಿಂದಿನಿಂದ ಕರೆದರೆ ಪಾಪು ತಿರುಗಲ್ಲ" ಅಂತ ಅವಳು ಹೇಳಿದರೆ ಬೇಸರ ಪಟ್ಟುಕೊಳ್ಳಬೇಡಿ. ಒಂದು ವರ್ಷಕ್ಕೂ ತೊದಲದಿದ್ದರೆ, ಎರಡಕ್ಕೂ ಎರಡು ಪದ ಜೋಡಿಸದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಇಂಥ ಸಂಸ್ಥೆ ನಮ್ಮ ಊರಿನಲ್ಲೇ ಇರುವುದು ಪುಣ್ಯ. "ತಡವಾಗಿ ಮಾತಾಡ್ತಾನೆ ಬಿಡಿ, ಅವರಪ್ಪನೂ ಹಾಗೇ" ಅನ್ನುತ್ತಾ ಒಂದು ವರ್ಷ ಕಳೆಯಬೇಡಿ.

9. ಬರವಣಿಗೆಯಲ್ಲಿ ಇರಬೇಕಾದದ್ದು

ಮಗುವನ್ನು ಕರೆದೊಯ್ಯಲು ಯಾರು ಬರಬಹುದು ಅನ್ನುವ ಹೆಸರು-ಫೋಟೊ. ತಾಯಿ ಕಾರ್ಡಿನ ಚುಚ್ಚುಮದ್ದಿನ ಪುಟದ ಜೆರಾಕ್ಸ್. ಯಾವುದು ಮೈಗೆ ಆಗುವುದಿಲ್ಲ ಅನ್ನುವುದು. ಜ್ವರ ಬಂದರೆ ಯಾರಿಗೆ ಫೋನ್, ಯಾವ ಆಸ್ಪತ್ರೆ. ಇಷ್ಟು ಸಾಕು.

10. ಬಿಡುವ ಮೊದಲ ಎರಡು ವಾರ

ಕೆಲಸಕ್ಕೆ ಸೇರುವ ದಿನವೇ ಮಗುವನ್ನು ಬಿಡಲು ಹೋಗಬೇಡಿ, ಎರಡು ವಾರ ಮುಂಚೆ ಶುರು ಮಾಡಿ. ಮೊದಲ ಎರಡು ದಿನ ನೀವೂ ಅಲ್ಲೇ ಒಂದು ಗಂಟೆ ಕುಳಿತಿರಿ. ಮಗು ನಿಮ್ಮ ಮಡಿಲಿನಿಂದಲೇ ಆಯಮ್ಮನನ್ನು ನೋಡಲಿ. ಮೂರನೆಯ ದಿನ "ಅಮ್ಮ ಹೋಗಿ ಬರ್ತೀನಿ" ಅಂತ ಹೇಳಿ 20 ನಿಮಿಷ ಹೊರಗೆ ಹೋಗಿ, ಹೇಳಿದಂತೆ ಬನ್ನಿ. ಆಮೇಲೆ ಒಂದು ಗಂಟೆ, ಊಟದವರೆಗೆ, ನಿದ್ದೆಯವರೆಗೆ. ಮಗು ಆಟದಲ್ಲಿದ್ದಾಗ ಕಣ್ಣು ತಪ್ಪಿಸಿ ಜಾರಿಕೊಳ್ಳುವುದು ಮಾತ್ರ ಬೇಡ. ಅಮ್ಮ ಯಾವಾಗ ಮಾಯವಾಗುತ್ತಾಳೋ ಗೊತ್ತಿಲ್ಲ ಅನ್ನುವ ಭಯ ಹತ್ತಿದರೆ ಮಗು ಮನೆಯಲ್ಲೂ ನಿಮ್ಮನ್ನು ಬಚ್ಚಲಿಗೆ ಹೋಗಲು ಬಿಡುವುದಿಲ್ಲ.

ಒಂದು ಹಾಳೆಯಲ್ಲಿ ಮಗುವಿನ ಬಗ್ಗೆ ಬರೆದುಕೊಡಿ. ನೀರಿಗೆ ಏನನ್ನುತ್ತದೆ, ಹೇಗೆ ತಟ್ಟಿದರೆ ಮಲಗುತ್ತದೆ, ಯಾವುದಕ್ಕೆ ಹೆದರುತ್ತದೆ, ಮನೆಯಲ್ಲಿ ಕರೆಯುವ ಹೆಸರೇನು. ಆಫೀಸಿಗೆ ಕೊಡಬೇಡಿ, ಆಯಮ್ಮನ ಕೈಗೇ ಕೊಡಿ. ಅವಳಿಗೆ ಓದಲು ಬಾರದಿದ್ದರೆ ಕುಳಿತು ಹೇಳಿ.

11. ಬಿಟ್ಟ ಮೇಲೆ

ಬೆಳಿಗ್ಗೆ ಅಳುವುದು ಸಹಜ. ನೀವು ಹೋದ ಮೇಲೆ ಹತ್ತು ನಿಮಿಷದಲ್ಲಿ ನಿಲ್ಲುತ್ತದೆಯೇ ಅನ್ನುವುದು ಮುಖ್ಯ. ಸಂಜೆ "ಊಟ ಮಾಡಿದ್ಳಾ?" ಅಂದರೆ "ಹ್ಞೂಂ" ಅನ್ನುವ ಉತ್ತರವಷ್ಟೇ ಬರುತ್ತದೆ. "ಇವತ್ತು ಯಾವಾಗ ನಕ್ಕಳು?" ಅಂತ ಕೇಳಿ. ದಿನವಿಡೀ ನೋಡಿದವಳು ತಕ್ಷಣ ಏನಾದರೂ ಹೇಳುತ್ತಾಳೆ.

ಒಂದು ತಿಂಗಳಾದರೂ ಅಳು ಹೆಚ್ಚುತ್ತಲೇ ಹೋದರೆ, ಕೈ ಎತ್ತಿದರೆ ಮಗು ಮುದುಡಿಕೊಂಡರೆ, ಮನೆಗೆ ಬಂದು ಮಂಕಾಗಿ ಮಲಗಿಬಿಟ್ಟರೆ, ಕೂತಲ್ಲಿ ಕೆಂಪು ಹುಣ್ಣು ದಿನವೂ ಇದ್ದರೆ, ವಿವರ ಸಿಗದ ಗಾಯವಿದ್ದರೆ ಮರುದಿನ ಬಿಡಬೇಡಿ. ಕಟ್ಟಿದ ಫೀಸಿನ ಯೋಚನೆ ಆಮೇಲೆ. ಮಗುವಿನ ಮೈಮೇಲೆ ಯಾರಾದರೂ ಕೆಟ್ಟದಾಗಿ ಕೈ ಮಾಡಿದ್ದಾರೆ ಅನ್ನುವ ಅನುಮಾನ ಬಂದರೆ 1098ಕ್ಕೆ ಕರೆ ಮಾಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಇರುವುದು ಎಷ್ಟೇ ಚಿಕ್ಕ ಮಗುವಿಗೂ.

ಆಯಮ್ಮನನ್ನು ಹೆಸರು ಹಿಡಿದು ಮಾತಾಡಿಸಿ, ಹೇಳಿದ ಹೊತ್ತಿಗೆ ಬಂದು ಮಗುವನ್ನು ಕರೆದೊಯ್ಯಿರಿ. ಅವಳ ಮನೆಯಲ್ಲೂ ಮಕ್ಕಳು ಕಾಯುತ್ತಿರುತ್ತಾರೆ. ಅವಳು ಕೆಲಸ ಬಿಡುವ ಸುದ್ದಿ ಕಿವಿಗೆ ಬಿದ್ದರೆ, ಹೊಸಬಳ ಜೊತೆ ಒಂದು ವಾರವಾದರೂ ಇಬ್ಬರೂ ಇರಲಿ ಅಂತ ಮಾಲೀಕರ ಹತ್ತಿರ ಪಟ್ಟು ಹಿಡಿಯಿರಿ, ಆ ವಾರದ ಸಂಬಳವನ್ನು ಪೋಷಕರೆಲ್ಲ ಸೇರಿ ಕೊಡಬೇಕಾಗಿ ಬಂದರೂ ಸರಿ. ಕೊನೆಯ ದಿನ ಸಂಜೆ ಮಗುವನ್ನು ಅವಳ ಕಂಕುಳಿಗೆ ಕೊಟ್ಟು, ಆಂಟಿ ನಾಳೆಯಿಂದ ಬರಲ್ಲ ಅಂತ ಹೇಳಿ, ಮಗುವಿನ ಕೈಯಿಂದಲೇ ಟಾಟಾ ಮಾಡಿಸಿ.